ಏಣಿ ಹಿಡಿದವಳು

ಎಲ್ಲಿದೆ ಎಂದು ಯಾರೂ ಕೇಳದಂಥ ಒಂದು ಊರಿತ್ತು. ಆ ಊರಿನವರಿಗೆ ಚಿತ್ರಗಳೆಂದರೆ ಪ್ರಾಣ. ಬಾವಿಕಟ್ಟೆಯ ಮೇಲೆ, ಗಾಡಿಯ ಹಲಗೆಯ ಮೇಲೆ, ಗಾಣದವನ ಬಾಗಿಲ ಮೇಲೆ, ಕ್ಷೌರದಂಗಡಿಯ ಕನ್ನಡಿಯ ಸುತ್ತ, ಎಲ್ಲೆಲ್ಲೂ ಚಿತ್ರಗಳಿದ್ದವು. ಪ್ರತಿ ಚಿತ್ರದ ಕೆಳಗೂ ಒಂದು ಸಣ್ಣ ಮರದ ಫಲಕ ಇರಲೇಬೇಕೆಂಬುದು ಅಲ್ಲಿಯ ಕಟ್ಟಳೆ. ಗಂಡಸು ಬರೆದಿದ್ದರೆ ‘ಬರೆದವನು’, ಹೆಂಗಸು ಬರೆದಿದ್ದರೆ ‘ಬರೆದವಳು’, ಪಕ್ಕದಲ್ಲಿ ಹೆಸರು. ಫಲಕದಲ್ಲಿ ಇರುತ್ತಿದ್ದುದು ಇಷ್ಟೇ.

ಮೂರನೆಯ ಮಾತೊಂದಿತ್ತು. ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ನಡೆಯುವುದು ಅರ್ಥವಾಗುವುದಿಲ್ಲ. ತೀರಿಹೋದ ಹಿರಿಯ ಕಲಾವಿದರ ಚಿತ್ರಗಳ ಕೆಳಗೆ ಮಾತ್ರ ‘ಬರೆದವರು’ ಎಂದು ಹಾಕುತ್ತಿದ್ದರು. ಅಂಥ ಚಿತ್ರಗಳಿಗೆಂದೇ ಹಿರಿಯರ ಚಾವಡಿ ಎಂಬ ಕಟ್ಟಡವಿತ್ತು. ಅಲ್ಲಿಗೆ ಚಪ್ಪಲಿ ಬಿಟ್ಟು ಹೋಗಬೇಕು. ಪ್ರತಿ ಚಿತ್ರಕ್ಕೂ ಗಂಧದ ಹಾರ. ಒಂದು ಅಕ್ಷರಕ್ಕೆ ಇಷ್ಟೆಲ್ಲ ಏಕೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ಆ ಊರಿನಲ್ಲಿ ಯಾರು ಎಲ್ಲಿ ಕೂರಬೇಕು, ಯಾರು ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಮಾತಿನ ಕೊನೆಯ ಅಕ್ಷರದಲ್ಲೇ ತೀರ್ಮಾನವಾಗುತ್ತಿತ್ತು.

ಆ ಊರಿನಲ್ಲಿ ಗೋಡೆಗಳಿಗೆ ಸುಣ್ಣ ಹೊಡೆಯುವ ಒಬ್ಬನಿದ್ದ. ಮನೆಯಲ್ಲಿ ಅವನು, ಅವನ ಮಗು, ಇಬ್ಬರೇ. ಮಗು ಹುಟ್ಟಿದಾಗ ಸೂಲಗಿತ್ತಿ ಗಂಡು ಎಂದಳು, ಊರು ಅದನ್ನೇ ನಂಬಿತು. ಮಗು ಮಾತ್ರ ನಂಬಲಿಲ್ಲ. ತಾನು ಹುಡುಗಿ ಎಂಬುದು ಅವಳಿಗೆ ಬುದ್ಧಿ ತಿಳಿದಾಗಿನಿಂದಲೂ ಗೊತ್ತಿತ್ತು. ಹಸಿವು ಗೊತ್ತಾಗುವ ಹಾಗೆ, ಚಳಿ ಗೊತ್ತಾಗುವ ಹಾಗೆ. ಆದ್ದರಿಂದ ಈ ಕಥೆಯಲ್ಲಿ ಅವಳು ಮೊದಲಿನಿಂದಲೂ ಅವಳೇ. ಅಪ್ಪ ಕೆಲಸದ ಮನೆಗಳಿಂದ ಕಿವಿಗೆ ಸಿಕ್ಕಿಸಿಕೊಂಡು ತರುತ್ತಿದ್ದ ಹಳದಿ ಹೂವಿನ ಹೆಸರನ್ನು ಅವಳು ತನಗೆ ಇಟ್ಟುಕೊಂಡಳು. ಸೇವಂತಿ.

ಅವರ ಮನೆಯ ಹಿಂಬದಿಯ ಗೋಡೆಯೇ ಅವಳ ಮೊದಲ ಹಲಗೆ. ಅದರ ಮೇಲೆ ಅವಳು ಇದ್ದಿಲಿನಿಂದ ಬರೆಯುತ್ತಿದ್ದಳು. ಯುಗಾದಿ ಹತ್ತಿರ ಬಂದಾಗ ಅಪ್ಪ ಸುಣ್ಣಕ್ಕೆ ಚಿಟಿಕೆ ನೀಲಿ ಕಲಸಿ ಇಡೀ ಮನೆಗೆ ಬಳಿಯುತ್ತಿದ್ದ. ಆಗ ಗೋಡೆಯ ಚಿತ್ರಗಳೂ ಮುಚ್ಚಿಹೋಗುತ್ತಿದ್ದವು. ಆದರೆ ಆ ಗೋಡೆಯನ್ನು ಅವನು ಕೊನೆಗೇ ಉಳಿಸಿಕೊಳ್ಳುತ್ತಿದ್ದ. ಒದ್ದೆ ಸುಣ್ಣದ ಹಿಂದೆ ಇದ್ದಿಲ ಗೆರೆಗಳು ಮೆಲ್ಲಗೆ ಮಸುಕಾಗುವುದನ್ನು ಅವಳು ಏಣಿ ಹಿಡಿದುಕೊಂಡು ನೋಡುತ್ತಿದ್ದಳು. ಆ ಸುಣ್ಣದ ವಾಸನೆ, ನೆತ್ತಿಯ ಮೇಲೆ ಬೀಳುತ್ತಿದ್ದ ತಣ್ಣನೆಯ ಹನಿಗಳು, ಮೇಲಿನಿಂದ ಅಪ್ಪನ ಕೂಗು. ಮುಂದೆ ದೊಡ್ಡ ಕುರ್ಚಿಯಲ್ಲಿ ಕೂತ ದಿನಗಳಲ್ಲಿ ಅವಳಿಗೆ ಮತ್ತೆ ಮತ್ತೆ ನೆನಪಾಗುತ್ತಿದ್ದುದು ಇವೇ.

“ಬಾರೋ, ಏಣಿ ಹಿಡ್ಕೋ ಬಾರೋ!” ಎಂದು ಅಪ್ಪ ಕೂಗುತ್ತಿದ್ದ. ಕೂಗಿನಲ್ಲಿದ್ದ ಅಕ್ಕರೆ ಅವಳಿಗೆ ಬೇಕಿತ್ತು, ಕೂಗಿನ ಕೊನೆ ಬೇಡವಾಗಿತ್ತು. ‘ಬಾರೋ’ ಎಂದರೆ ಹುಡುಗನನ್ನು ಕರೆದಂತೆ, ‘ಬಾರೇ’ ಎಂದರೆ ಹುಡುಗಿಯನ್ನು ಕರೆದಂತೆ. ಎರಡರಲ್ಲೂ ಸಲಿಗೆ ಒಂದೇ. ಅವಳಿಗೆ ಸಲಿಗೆಯೂ ಬೇಕು, ‘ರೇ’ಯೂ ಬೇಕು.

ಗೋಡೆಯ ಮೇಲೆ ಅವಳು ಪ್ರತಿ ವರ್ಷ ಬರೆಯುತ್ತಿದ್ದುದು ಒಬ್ಬಳೇ ಹುಡುಗಿಯನ್ನು. ಎರಡು ಜಡೆ, ಕೈಯಲ್ಲಿ ಏಣಿ. ವರ್ಷದಿಂದ ವರ್ಷಕ್ಕೆ ಆ ಹುಡುಗಿ ಎತ್ತರವಾಗುತ್ತಿದ್ದಳು.

“ಇವಳು ಯಾರೋ?” ಎಂದು ಅಪ್ಪ ಒಂದು ಸಲ ಕುಂಚ ಅದ್ದುತ್ತ ಕೇಳಿದ.

“ಸರಿಯಾಗಿ ನೋಡಪ್ಪಾ, ಗೊತ್ತಾಗುತ್ತೆ.”

ಅಪ್ಪ ನೋಡಿದ. “ಗಾಣದವರ ಮಗಳ ಹಾಗಿದ್ದಾಳೆ,” ಎಂದು ಸುಣ್ಣ ಬಳಿದ.

ಮರುವರ್ಷ ಅವಳು ಧೈರ್ಯ ಮಾಡಿ ಎಲ್ಲವನ್ನೂ ಹೇಳಿಬಿಟ್ಟಳು. ಏಣಿಯ ಮೇಲಿದ್ದ ಅಪ್ಪ ಬಳಿಯುವುದನ್ನು ನಿಲ್ಲಿಸಿದ. ಕುಂಚದಿಂದ ಸುಣ್ಣ ತೊಟ್ಟಿಕ್ಕುತ್ತಲೇ ಇತ್ತು.

“ಅಪ್ಪಾ, ನನ್ನ ‘ಬಾರೇ’ ಅಂತ ಕರೀತೀಯಾ?”

“ನಾಲಿಗೆ ತಿರುಗಲ್ಲ ಕಣೋ.”

“ತಿರುಗಿಸಿ ನೋಡು.”

“ಬಾ...” ಎಂದ ಅಪ್ಪ. ಅಲ್ಲಿಗೇ ನಿಂತುಹೋಯಿತು. ಅವನಿಗೆ ಸಿಟ್ಟು ಬಂದಿರಲಿಲ್ಲ. ತುಂಬಿದ ಬಿಂದಿಗೆಯನ್ನು ಎತ್ತಲಾರದವನ ಹಾಗೆ ಅವಳನ್ನು ನೋಡಿದ. ಅಂದಿನಿಂದ ಆ ಮನೆಯಲ್ಲಿ ‘ಬಾರೋ’ ಎಂಬುದು ನಿಂತಿತು, ‘ಬಾರೇ’ ಬರಲಿಲ್ಲ. “ಬಾ. ಉಣ್ಣು. ಏಣಿ ಹಿಡಿ.” ಹೀಗೆ ಬಾಲವಿಲ್ಲದ ಮಾತುಗಳಲ್ಲಿ ಇಬ್ಬರೂ ಬದುಕಿದರು. ಅವನು ಅರ್ಧ ದಾರಿ ಬಂದಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಇನ್ನರ್ಧಕ್ಕಾಗಿ ಅವಳು ಕಾದಳು.

ಅವಳನ್ನು ಚಿತ್ರಶಾಲೆಗೆ ಸೇರಿಸಲು ಅಪ್ಪನೇ ಕರೆದುಕೊಂಡು ಹೋದ. ಸುಣ್ಣ ಮೆತ್ತಿದ ಕಾಲು ಎಂದು ಬಾಗಿಲಲ್ಲೇ ನಿಂತು, ಅವಳ ಚೀಲವನ್ನು ಮಾತ್ರ ಒಳಗೆ ಚಾಚಿದ. ಅವಳು ಲಂಗ ಉಟ್ಟು, ಎರಡು ಜಡೆ ಹಾಕಿಕೊಂಡು ಒಳಗೆ ಹೋದಳು.

ಜೊತೆಯ ವಿದ್ಯಾರ್ಥಿಗಳು ಸುತ್ತುಗಟ್ಟಿದರು. “ನಿನ್ನ ಏನಂತ ಕರೀಬೇಕು? ‘ಏನೋ’ ಅನ್ನಬೇಕೋ, ‘ಏನೇ’ ಅನ್ನಬೇಕೋ?” ಎಂದ ಒಬ್ಬ.

“ಮೊದಲು ಆ ಬಣ್ಣದ ಬಟ್ಟಲು ಈ ಕಡೆ ತಳ್ಳು. ಆಮೇಲೆ ಕರೆಯುವೆಯಂತೆ,” ಎಂದಳು ಸೇವಂತಿ.

ಎಲ್ಲರೂ ನಕ್ಕರು. ಆದರೆ ಅವರಲ್ಲೊಬ್ಬಳು, “ಯಾಕೆ ತಾಪತ್ರಯ? ‘ಏನ್ರೀ’ ಅಂದರಾಯ್ತು,” ಎಂದಳು. ಅದೇ ನಿಂತಿತು. “ಏನ್ರೀ ಸೇವಂತೀ, ಊಟ ಆಯ್ತೇನ್ರೀ? ದಯಮಾಡಿಸಿ, ನೀರು ಸೇದಿ ತನ್ನಿ!” ಬಹುವಚನದಲ್ಲಿ ಎಷ್ಟು ಮುಳ್ಳು ಇರಬಹುದೆಂದು ಅವಳು ಕಲಿತದ್ದು ಅಲ್ಲಿ.

ಕಲಿತದ್ದು ಇನ್ನೂ ಬೇಕಾದಷ್ಟಿತ್ತು. ಮೊದಮೊದಲು ಅವಳು ರಾಣಿಯರನ್ನೇ ಬರೆಯುತ್ತಿದ್ದಳು. ಮೂಗುತಿ, ಡಾಬು, ತೋಳಬಂದಿ, ಒಂದೂ ಬಿಡುತ್ತಿರಲಿಲ್ಲ. ಶಾಲೆಯ ಗುರುಗಳು ಮಾತು ಕಡಿಮೆ ಆಡುವ ಮುದುಕಿ. ಅವರು ಆ ಹಾಳೆಗಳನ್ನೆಲ್ಲ ನೋಡಿ, “ಬಂಗಾರ ಚೆನ್ನಾಗಿದೆ. ಮನುಷ್ಯರು ಎಲ್ಲಿ?” ಎಂದರು. ಅವಳಿಗೆ ಅಳು ಬಂತು. ಗುರುಗಳು ಹೊರಡುವ ಮೊದಲು ಮತ್ತೊಂದು ಮಾತು ಹೇಳಿದರು: “ಇದು ನೀನು ಆಸೆಪಟ್ಟದ್ದು. ನೋಡಿದ್ದನ್ನು ಬರಿ.”

ನೋಡಿದ್ದು ಎಂದರೆ ಏನು? ಅವಳು ಅತಿ ಹೆಚ್ಚು ನೋಡಿದ್ದು ಆ ಗೋಡೆಯನ್ನು. ಕೊನೆಯ ವರ್ಷದ ಪರೀಕ್ಷೆಗೆ ಅವಳು ದೊಡ್ಡದೊಂದು ಹಲಗೆ ತಂದು, ಅದರ ಮೇಲೆ ಪುಟ್ಟ ಹುಡುಗಿಯನ್ನು ಬರೆದು ಸುಣ್ಣ ಬಳಿದಳು. ಒಣಗಿದ ಮೇಲೆ ಸ್ವಲ್ಪ ದೊಡ್ಡ ಹುಡುಗಿಯನ್ನು ಬರೆದು ಮತ್ತೆ ಸುಣ್ಣ ಬಳಿದಳು. ಹೀಗೆ ಪದರದ ಮೇಲೆ ಪದರ. ಕೊನೆಗೆ ಬಳೆಚೂರಿನಿಂದ ಒಂದೊಂದು ಕಡೆ ಒಂದೊಂದು ಆಳಕ್ಕೆ ಕೆರೆದಳು. ಅಡಗಿದ್ದ ಹುಡುಗಿಯರೆಲ್ಲ ನೀಲಿ ಮಂಜಿನೊಳಗಿಂದ ಹೊರಬಂದರು. ಎಲ್ಲರ ಕೈಯಲ್ಲೂ ಒಂದೇ ಏಣಿ. ಏಣಿಯ ತುದಿಯಲ್ಲಿ ಸುಣ್ಣ ಮೆತ್ತಿದ ಎರಡು ಪಾದಗಳು, ಹಿಮ್ಮಡಿ ಒಡೆದಿದ್ದವು.

ಗುರುಗಳು ಹತ್ತಿರ ಬಂದು ಆ ಹಿಮ್ಮಡಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಇದಕ್ಕೆ ಚೌಕಟ್ಟು ನಾನೇ ಹಾಕಿಸ್ತೀನಿ ಕಣಮ್ಮ,” ಎಂದರು.

ಅವಳಿಗೆ ಚೌಕಟ್ಟಿಗಿಂತ ಹೆಚ್ಚಾಗಿ ಬೇಕಿದ್ದುದು ಫಲಕ. ಆ ಚಿತ್ರ ಊರ ಪೇಟೆಯ ಹೆಬ್ಬಾಗಿಲಲ್ಲಿ ತೂಗಬೇಕು, ಕೆಳಗೆ ‘ಬರೆದವಳು ಸೇವಂತಿ’ ಎಂದಿರಬೇಕು, ಊರೆಲ್ಲ ಅದನ್ನು ಬಾಯಿಬಿಟ್ಟು ಓದಬೇಕು. ಊರು ಅಷ್ಟು ಸಲ ಓದಿದರೆ ಅಪ್ಪನ ನಾಲಿಗೆಯೂ ತಿರುಗೀತು ಎಂಬುದು ಅವಳ ಲೆಕ್ಕ.

ಫಲಕ ಬರೆಯುವ ಅಧಿಕಾರಿಯನ್ನು ಊರು ಫಲಕದಯ್ಯ ಎಂದು ಕರೆಯುತ್ತಿತ್ತು. ಅವನು ಕೆಟ್ಟವನಲ್ಲ, ಹೆದರುಪುಕ್ಕಲ. ‘ಬರೆದವಳು’ ಎಂದರೆ ಕೆಲವರು ಬೈಯುತ್ತಾರೆ. ‘ಬರೆದವನು’ ಎನ್ನೋಣವೆಂದರೆ, ಎದುರಿಗೆ ಜಡೆ ಹಾಕಿಕೊಂಡ ಹುಡುಗಿ ನಿಂತಿದ್ದಾಳೆ.

“ನೋಡಮ್ಮಾ... ಅಲ್ಲ, ನೋಡಪ್ಪಾ...” ಎಂದು ತಡವರಿಸಿ ಬೆವರು ಒರೆಸಿಕೊಂಡ. “ನೋಡಿ.” ಹಾಗೆ ಅಂದವನ ಮುಖ ಥಟ್ಟನೆ ಅರಳಿತು. “ನೋಡಿ! ‘ಬರೆದವರು’ ಅಂತ ಹಾಕಿದರೆ ಮುಗೀತಲ್ಲ! ಯಾರ ತಂಟೆಯೂ ಇಲ್ಲ.”

“ಅದು ತೀರಿಹೋದವರಿಗೆ ಅಲ್ಲವೇ ಅಯ್ಯಾ? ನಾನಿನ್ನೂ ಬದುಕಿದ್ದೀನಿ.”

“ಅದಕ್ಕೇನಂತೆ, ಬದುಕಿರಿ. ನಮ್ಮದೇನೂ ಅಭ್ಯಂತರವಿಲ್ಲ,” ಎಂದ ಫಲಕದಯ್ಯ.

ಅವನು ಒಂದು ಅಕ್ಷರದಿಂದ ತಪ್ಪಿಸಿಕೊಳ್ಳಲು ಹೋಗಿ ಕಟ್ಟಳೆಯನ್ನು ಮರೆತಿದ್ದ. ಫಲಕ ಹಾಕಿದ ಮೇಲೆ ಚಿತ್ರ ಹೆಬ್ಬಾಗಿಲಿಗೆ ಹೋಗಲಿಲ್ಲ. ಆಳುಗಳು ‘ಬರೆದವರು’ ಎಂಬುದನ್ನು ಓದಿ, ಕೈಮುಗಿದು, ಅದನ್ನು ನೇರವಾಗಿ ಹಿರಿಯರ ಚಾವಡಿಗೆ ಹೊತ್ತುಕೊಂಡು ಹೋದರು. ಮರುದಿನ ಸೇವಂತಿ ಹೋಗಿ ನೋಡುವ ಹೊತ್ತಿಗೆ ಅವಳ ಚಿತ್ರಕ್ಕೆ ಗಂಧದ ಹಾರ ಹಾಕಿ, ಊದುಬತ್ತಿ ಹಚ್ಚಿಟ್ಟಿದ್ದರು.

ಚಾವಡಿ ಸೇರಿದ್ದನ್ನು ಹೊರಗೆ ತಂದರೆ ಹಿರಿಯರಿಗೆಲ್ಲ ಅವಮಾನ. ಆದ್ದರಿಂದ ಚಿತ್ರ ಅಲ್ಲೇ ಉಳಿಯಿತು. ಚಿತ್ರ ಉಳಿದ ಮೇಲೆ ಬರೆದವರಿಗೆ ಒಂದು ಕುರ್ಚಿ ಬೇಕಾಯಿತು. ಚಾವಡಿಯ ನಡುವೆ ಎತ್ತರದ ಕುರ್ಚಿ ಹಾಕಿ, ಪಕ್ಕದ ಕೋಣೆಯಲ್ಲಿ ಅವಳ ವಾಸಕ್ಕೆ ಏರ್ಪಾಡು ಮಾಡಿದರು. ಬಂದವರೆಲ್ಲ ಬಗ್ಗಿ ನಮಸ್ಕರಿಸಿ ಅವಳ ಪಾದವನ್ನು ಮಾತ್ರ ನೋಡಿ ಹೋಗುತ್ತಿದ್ದರು. ಪಂಡಿತರು ಚಿತ್ರದ ಮುಂದೆ ನಿಂತು, ಈ ಏಣಿ ಆತ್ಮದ ಆರೋಹಣ, ಆ ಪಾದಗಳು ಪರಮಾತ್ಮನವು ಎಂದು ವಿವರಿಸಿದರು. ಶಾಲೆಯಲ್ಲಿ ಗೇಲಿ ಮಾಡಿದ್ದವರೂ ಬಂದರು. “ಏನ್ರೀ, ಕ್ಷೇಮವೇನ್ರೀ?” ಎಂದರು. ಈಗ ಅವರು ನಗುತ್ತಿರಲಿಲ್ಲ. ಅವಳ ಕಿವಿಗೆ ಮಾತ್ರ ಅಂದಿಗೂ ಇಂದಿಗೂ ವ್ಯತ್ಯಾಸ ತಿಳಿಯಲಿಲ್ಲ.

ಅವಳು ಫಲಕದಯ್ಯನನ್ನು ಕರೆಸಿದಳು. “ಆ ‘ರು’ ಅಳಿಸಿ ‘ಳು’ ಮಾಡಿ. ನನಗೆ ಅಷ್ಟೇ ಸಾಕು.”

ಫಲಕದಯ್ಯ ಅವಳ ಪಾದಗಳಿಗೆ ಹೇಳಿದ: “ತಾವು ದೊಡ್ಡವರು. ತಮ್ಮನ್ನು ಅಷ್ಟು ಕೆಳಗೆ ಇಳಿಸಿದರೆ ನನ್ನ ಕೈ ಬಿದ್ದುಹೋಗುತ್ತದೆ.”

ಹೀಗೆ ವರ್ಷಗಳು ಹೋದವು. ಹಬ್ಬಹುಣ್ಣಿಮೆಗೆ ಅವಳು ಮನೆಗೆ ಹೋದರೆ ಅಪ್ಪ “ಬಾ” ಎನ್ನುತ್ತಿದ್ದ. ಹಿಂಬದಿಯ ಗೋಡೆ ಈಗ ಬೆಳ್ಳಗೇ ಇರುತ್ತಿತ್ತು. ಆದರೂ ಅವನು ಅದನ್ನು ಕೊನೆಗೇ ಉಳಿಸಿಕೊಳ್ಳುತ್ತಿದ್ದ. ಚಾವಡಿಗೆ ಮಾತ್ರ ಅವನು ಕಾಲಿಟ್ಟಿರಲಿಲ್ಲ.

ಒಂದು ಯುಗಾದಿಯ ಮುಂಚೆ ಚಾವಡಿಗೇ ಸುಣ್ಣ ಹೊಡೆಸಬೇಕಾಯಿತು, ಅಪ್ಪನಿಗೆ ಕರೆ ಹೋಯಿತು. ಅವನು ಕಾಲು ತಿಕ್ಕಿ ತೊಳೆದುಕೊಂಡು, ಬಕೆಟ್ಟು, ಏಣಿ ಹೊತ್ತು ಒಳಗೆ ಬಂದ. ಜನ ಸಾಲಾಗಿ ನಮಸ್ಕರಿಸುತ್ತಿದ್ದರು. ಎತ್ತರದ ಕುರ್ಚಿಯ ಕಡೆ ನೋಡಲು ಅವನಿಗೆ ಸಂಕೋಚ. ಗೋಡೆಗೆ ಏಣಿ ಒರಗಿಸಿ ಹತ್ತಿದ. ಅರ್ಧ ಹತ್ತಿದಾಗ ಪಕ್ಕದಲ್ಲೇ ತೂಗುತ್ತಿದ್ದ ಚಿತ್ರ ಕಣ್ಣಿಗೆ ಬಿತ್ತು.

ಮೊದಲು ತನ್ನ ಹಿಮ್ಮಡಿಯನ್ನು ಗುರುತಿಸಿದ. ಆಮೇಲೆ ಏಣಿ ಹಿಡಿದಿದ್ದ ಎರಡು ಜಡೆಯ ಹುಡುಗಿಯನ್ನು ನೋಡಿದ. ಅವಳ ಹಿಂದೆ ಅವಳಿಗಿಂತ ಚಿಕ್ಕವಳು, ಅವಳ ಹಿಂದೆ ಇನ್ನೂ ಚಿಕ್ಕವಳು. ತಾನೇ ವರ್ಷ ವರ್ಷ ಬಳಿದು ಮುಚ್ಚಿದ್ದ ಹುಡುಗಿಯರು. ಗಾಣದವರ ಮಗಳು ಎಂದೂ ಅವನ ಏಣಿ ಹಿಡಿದವಳಲ್ಲ. ಅವನ ಏಣಿ ಹಿಡಿದದ್ದು ಜಗತ್ತಿನಲ್ಲಿ ಒಂದೇ ಜೀವ. ಅವನು ಚಿತ್ರದ ಕಡೆಗೆ ವಾಲಿದ, ಏಣಿ ಅಲ್ಲಾಡಿತು.

ತಾನು ಎಲ್ಲಿದ್ದೇನೆಂಬುದು ಅವನಿಗೆ ಮರೆತೇ ಹೋಯಿತು. ಹಳೆಯ ಗಂಟಲು ಹಳೆಯ ಹಾಗೆಯೇ ಚಾವಡಿಯ ಉದ್ದಕ್ಕೂ ಕೂಗಿತು:

“ಸೇವಂತೀ! ಏನೇ, ಅಲ್ಲಿ ಕೂತು ಏನು ಮಾಡ್ತಿದ್ದೀಯೇ? ಏಣಿ ಅಲ್ಲಾಡ್ತಿದೆ, ಹಿಡ್ಕೋ ಬಾರೇ!”

ಬಗ್ಗಿದ್ದ ತಲೆಗಳೆಲ್ಲ ಮೇಲೆದ್ದವು. ಆಮೇಲೆ ಎಲ್ಲರೂ ಒಟ್ಟಿಗೆ ಕಿರುಚಿದರು. “ಯಾರವನು? ದೊಡ್ಡವರನ್ನು ಏಕವಚನದಲ್ಲಿ ಕೂಗುತ್ತಾನಲ್ಲ! ಇಳಿಸಿರಿ ಅವನನ್ನು!” ಕಾವಲಿನವರು ಅಪ್ಪನನ್ನು ಕೆಳಗಿಳಿಸಿ, ಸುಣ್ಣದ ಬಕೆಟ್ಟಿನ ಸಮೇತ ಹೊರಗೆ ದಬ್ಬಿದರು. ಸೇವಂತಿ ಕುರ್ಚಿಯಿಂದ ಎದ್ದಳು. ಅವಳ ಕಣ್ಣಿಂದ ನೀರು ಹರಿಯುತ್ತಿತ್ತು. ಅವಮಾನದಿಂದ ಅವರು ಅಳುತ್ತಿದ್ದಾರೆ ಎಂದುಕೊಂಡ ಜನ ದಾರಿ ಬಿಟ್ಟರು.

“ಬಂದೆ ಅಪ್ಪಾ, ಬಂದೆ!” ಎನ್ನುತ್ತ ಅವಳು ಏಣಿಯನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು ಹೊರಗೆ ನಡೆದಳು.

ಅವಳು ಮತ್ತೆ ಆ ಕುರ್ಚಿಗೆ ಬರಲಿಲ್ಲ. ಆದ ಅವಮಾನಕ್ಕೆ ನೊಂದು ಅವರು ಊರನ್ನೇ ಬಿಟ್ಟರೆಂದು ಜನ ನಂಬಿದರು. ಚಾವಡಿಯಲ್ಲಿ ಏಕವಚನ ಆಡಕೂಡದೆಂದು ಹೊಸ ಕಟ್ಟಳೆ ಬಂತು. ಖಾಲಿ ಕುರ್ಚಿಗೆ ದಿನವೂ ಹಾರ ಹಾಕುವ ಕೆಲಸವನ್ನು ಫಲಕದಯ್ಯನೇ ವಹಿಸಿಕೊಂಡ.

ಅದೇ ಊರಿನ ಓಣಿಗಳಲ್ಲಿ ಅಪ್ಪ ಸುಣ್ಣ ಬಳಿದ ಗೋಡೆಗಳ ಮೇಲೆ ಹೊಸ ಚಿತ್ರಗಳು ಕಾಣತೊಡಗಿದವು. ಕೆರೆಯಲ್ಲಿ ಬಟ್ಟೆ ಸೆಣೆಯುವವರು, ಜಡೆ ಹೆಣೆದುಕೊಳ್ಳುವವರು, ಏಣಿ ಹೊತ್ತವರು. ಅವುಗಳ ಕೆಳಗೆ ಫಲಕ ಇರುತ್ತಿರಲಿಲ್ಲ. ಯಾರು ಬರೆದದ್ದೆಂದು ಮಕ್ಕಳು ಕೇಳಿದರೆ ದೊಡ್ಡವರು, “ಯಾರೋ ಸುಣ್ಣದವನ ಮಗಳಂತೆ, ಬರೀತಾಳೆ,” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಫಲಕದಯ್ಯ ಗಂಧದ ಹಾರವನ್ನು ತಟ್ಟೆಯಲ್ಲಿಟ್ಟುಕೊಂಡು ಚಾವಡಿಯ ಕಡೆಗೆ ಬಿರಬಿರನೆ ಹೋಗುತ್ತಿದ್ದ. ಓಣಿಯಲ್ಲಿ ಒಂದು ಏಣಿ ಅಡ್ಡ ನಿಂತಿತ್ತು. ಅದನ್ನು ಹಿಡಿದು ನಿಂತವಳ ತಲೆಗೆ ಬಟ್ಟೆ, ಮುಖದ ತುಂಬ ಸುಣ್ಣದ ಹನಿ. ಚಿತ್ರ ಚಾವಡಿ ಸೇರಿದಂದಿನಿಂದ ಆ ಮುಖವನ್ನು ಅವನು ಕಣ್ಣೆತ್ತಿ ನೋಡಿದವನಲ್ಲ.

“ಏನೇ, ಕಣ್ಣು ಕಾಣಲ್ವೇನೇ? ದೊಡ್ಡವರ ಹಾರ ಬರ್ತಾ ಇದೆ, ಸರಿಯೇ ಆಚೆ!” ಎಂದು ಗದರಿದ.

ಅವಳು ಸರಿದು ದಾರಿ ಬಿಟ್ಟಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಎರಡೂ ಕೈ ಜೋಡಿಸಿ ಅವನಿಗೆ ನಮಸ್ಕಾರ ಮಾಡಿದಳು.