ಚಂದ್ರಿ ಆಡುವ ಮಾತು

ಮತ್ತೆ ಬೇವಿನ ಬೊಡ್ಡೆಗೆ ಮೈ ತಿಕ್ಕುತ್ತಿದ್ದಾಳೆ, ಚರಚರ ಚರಚರ, ಉದುರುತ್ತಿರುವುದು ತೊಗಟೆಯೋ ಉಣ್ಣೆಯೋ, ಎರಡೂ ಇರಬೇಕು, ನನ್ನ ಚಂದ್ರಿ ತಿಕ್ಕಿದರೆ ಮರವೇನು, ಹೊಳೆ ಸೇತುವೆಯ ಕಂಬವೂ ಅಲುಗಬೇಕು — ಇಂಥ ಕುರಿ ಕೃಷ್ಣೆಯ ಎರಡೂ ದಂಡೆಯಲ್ಲಿ ಇಲ್ಲ, ಬೆನ್ನು ಕೆರೆದರೆ ಮಾತಾಡುತ್ತಾಳೆ, ಬಾಲದ ಬುಡದಲ್ಲಿ ಬೆರಳಾಡಿಸಿದರೆ ಸಾಕು, ಮುಖ ಮೇಲೆತ್ತಿ ತುಟಿ ಪಟಪಟ ಬಡಿಯುತ್ತಾಳೆ, ಬಾಯಲ್ಲಿ ಒಂದೆಳೆ ಹುಲ್ಲಿಲ್ಲ, ಆದರೂ ಮೆಲ್ಲುತ್ತಾಳೆ, ಐನಾಪುರದ ಸಂತೆಯಲ್ಲಿ ತೋರಿಸಿದ ದಿನ ಅರ್ಧ ಮಹಾರಾಷ್ಟ್ರವೇ ನೆರೆದಿತ್ತು, ಚಹಾದವನು ಬಾಯಿ ಬಿಟ್ಟು ನಿಂತು ಹಾಲು ಉಕ್ಕಿಸಿಕೊಂಡ, ಏನಂತಾಳಲೇ ಸತ್ಯಪ್ಪ, ಎಂದ, ನಿನಗ ಬೈಯಾಕತ್ತಾಳ, ಎಂದೆ, ಆ ನಗುವಿನ ಸದ್ದಿಗೆ ಅಥಣಿಯವರೆಗೂ ಹಕ್ಕಿ ಹಾರಿದವು, ಹೊಳೆವ್ವ ಮಾತ್ರ ನಗಲಿಲ್ಲ, ನನ್ನ ಹೆಂಡತಿಗೆ ನಗು ತುಸು ತುಟ್ಟಿ, ಅದು ಸೊರಗಾಕತ್ತೈತಿ, ಹಿಂಗಾಲು ತಡವರಿಸತಾವು, ಡಾಕ್ಟರ್‌ಬಾಯಿಗೆ ತೋರಸ್ರಿ, ಎಂದಳು — ತೋರಿಸಿದೆನಲ್ಲ, ಇವತ್ತು ಮುಂಜಾನೆ, ಹಿಂಡು ತಂಗಿರುವ ಮುರಗೆಪ್ಪನ ಈ ಕಬ್ಬು ಕಡಿದ ಹೊಲಕ್ಕೇ ದನದ ದವಾಖಾನೆಯ ದೀಪಾಲಿ ಡಾಕ್ಟರು ಬಂದರು, ನಾನು ಎದೆ ಸೆಟೆಸಿ, ಬಾಯಾರ, ಜಡ್ಡು ಆಮ್ಯಾಲ ನೋಡ್ರಿ, ಮೊದಲ ಇದರ ಬೆನ್ನ ಕೆರೀರಿ, ಮಾತಾಡತಾಳ, ಎಂದೆ, ಅವರು ಕೆರೆದರು, ತುಟಿ ಬಡಿಯಿತು, ಕೈ ತೆಗೆದರು, ನಿಂತಿತು, ಮತ್ತೆ ಕೆರೆದರು, ಮತ್ತೆ ತುಟಿ, ನಗಲೆಂದು ತೆರೆದ ನನ್ನ ಬಾಯಿ ಹಾಗೇ ಉಳಿಯಿತು, ಅವರು ನಗುತ್ತಿರಲಿಲ್ಲ.

ಇದು ಮಾತಲ್ಲರಿ ಸತ್ಯಪ್ಪ, ಮಿದುಳ ತಿನ್ನೋ ರೋಗದ ಗುರುತು, ಸ್ಕ್ರೇಪಿ ಅಂತಾರ, ಸಂಶೇ ಐತಿ ಅಷ್ಟ, ಖಾತ್ರಿ ಮಾಡಬೇಕಂದ್ರ ಸತ್ತ ಮ್ಯಾಲ ಮಿದುಳ ನೋಡಬೇಕು, ಔಷಧ ಕೊಡ್ರಿ ಬಾಯಾರ, ಎಂದೆ, ಇದಕ್ಕ ಔಷಧ ಇಲ್ಲರಿ — ಇಲ್ಲ ಎಂದರೆ? ಹಾವು ಕಡಿದ ಟಗರನ್ನು ಬರೀ ಬೈಗುಳದಿಂದಲೇ ಎಬ್ಬಿಸಿದವನು ನಾನು, ತೋಳದ ಬಾಯಿಗೆ ಕೈ ಹಾಕಿ ಮರಿ ಕಿತ್ತವನು, ಅದು ನಾಯಿಯೇ ಇರಲಿ, ಬಾಯಿ ಬಾಯಿಯೇ, ಹಲ್ಲಿತ್ತು, ಈ ರೋಗಕ್ಕೆ ಬಾಯೇ ಇಲ್ಲವಲ್ಲ, ಎಲ್ಲಿ ಕೈ ಹಾಕಲಿ, ಮರಿ ಈದಾಗ ಬೀಳೋ ಮಾಸಿನಿಂದ ಹಿಂಡಿಗೆಲ್ಲ ಹರಡತೈತ್ರಿ, ಇದರ ಹೊಟ್ಟ್ಯಾಗ ಹುಟ್ಟಿದ್ದು ಯಾವುದು, ಬ್ಯಾರೆ ಕಟ್ಟರಿ, ಒಂದೊಂದರ ಬೆನ್ನೂ ಕೆರೆದು ನೋಡ್ರಿ, ಸಂಜಿಗೆ ಬರತೀನಿ, ಎಂದು ಗಾಡಿ ಹತ್ತಿ ಹೋದರು, ಚಂದ್ರಿಯ ಹೊಟ್ಟೆಯಲ್ಲಿ ಹುಟ್ಟಿದ್ದು ಬೆಳ್ಳಿ, ಹಿಂಡಿನ ಮುಂದೆ ನಡೆಯುವವಳು, ಈಗ ಗಬ್ಬ, ಇವತ್ತೋ ನಾಳೆಯೋ ಈಯುತ್ತಾಳೆ, ಹಿಂಡಿನ ನಡುವೆಯೇ ಈಯುತ್ತಾಳೆ, ಅವಳಿಗೇನೂ ಆಗಿಲ್ಲ, ಕಣ್ಣು ನೋಡಿದರೆ ಸೂರ್ಯನೇ ನಾಚಬೇಕು, ಹೊಳೆವ್ವ ಅವಳ ಕೊರಳು ಹಿಡಿದು ನಿಂತಿದ್ದಾಳೆ, ಕೆರೀರಿ, ನೋಡಿಬಿಡೂನು, ಅನ್ನುತ್ತಾಳೆ, ಕೆರೆಯುತ್ತೇನೆ, ತಡೆಯೇ, ಎಷ್ಟು ಬೆನ್ನು ಕೆರೆದ ಕೈ ಇದು, ಗಾಳಿಯಲ್ಲಿ ನಿಂತಿದೆ, ಇಳಿಯುತ್ತಿಲ್ಲ, ಅತ್ತ ಬೇವಿಗೆ ಚಂದ್ರಿ, ಚರಚರ, ಇತ್ತ ಬೆಳ್ಳಿ ಕಾಯಲಿಲ್ಲ, ತಾನೇ ಬೆನ್ನೆತ್ತಿ ನನ್ನ ಅಂಗೈಗೆ ತಿಕ್ಕಿದಳು, ಮುಖ ಮೇಲಾಯಿತು, ಬಾಯಲ್ಲಿ ಒಂದೆಳೆ ಹುಲ್ಲಿಲ್ಲ, ತುಟಿ —