ಇಪ್ಪತ್ನಾಲ್ಕು ಗಂಟೆ ಬಿಚ್ಚಬಾರದು

ಮುಚ್ಚಳ ಕೂರಲಿಲ್ಲ. ಇದು ಮೂರನೇ ಸಲ.

"ತಡಿ, ನಾನು ಮೇಲೆ ಕೂತ್ಕೋತೀನಿ. ನೀನು ಜಿಪ್ ಎಳಿ," ಅಂದ್ಲು ಅಕ್ಕ. ಅಂದವಳು ಕೂತೇಬಿಟ್ಲು. ಎಂಬತ್ತು ಕೇಜಿ ಅಕ್ಕ. ಸೂಟ್‌ಕೇಸು ಒಂದ್ಸಲ ನರಳ್ತು. ಜಿಪ್ಪು ಮೂಲೆ ತನಕ ಬಂದು ಮೊಂಡು ಎತ್ತಿನ ಹಾಗೆ ನಿಂತ್ಬಿಡ್ತು.

ಬೆಳಿಗ್ಗೆ ಹತ್ತು ಗಂಟೆ. ಫ್ಯಾನು ಬಿಸಿಗಾಳೀನೇ ಸುತ್ತಿ ಸುತ್ತಿ ಕೊಡ್ತಾ ಇತ್ತು. ಜಿಪ್ ಹಿಡಿದಿದ್ದ ತಮ್ಮನ ಬನೀನು ಬೆನ್ನಿಗೆ ಅಂಟಿತ್ತು. ಹುಟ್ಟಿ ನಲವತ್ತಾರು ವರ್ಷ ಆಯ್ತು, ಮನೇಲಿ ಒಂದು ರಗ್ಗಿಲ್ಲ. ಡಿಸೆಂಬರ್ ಬಂತು ಅಂದ್ರೆ ಫ್ಯಾನನ್ನ ಐದರಿಂದ ನಾಲ್ಕಕ್ಕೆ ಇಳಿಸೋದು. ಅದೇ ಅವನ ಚಳಿಗಾಲ. ಈಗ ಹಾಸಿಗೆ ಮೇಲೆ ಉಣ್ಣೆ ಕಾಲುಚೀಲ ಎಂಟು ಜೊತೆ, ಕಿವಿ ಮುಚ್ಚೋ ಟೋಪಿ, ಕತ್ತಿಗೆ ಸುತ್ಕೊಳ್ಳೋ ಮಾರುದ್ದ ಬಟ್ಟೆ. ನೋಡಿದ್ರೇ ಮೈ ತುರಿಸ್ತಿತ್ತು.

ಅವನ ಕೈಯಲ್ಲೊಂದು ಪಟ್ಟಿ. ಪಟ್ಟೀಲಿ ಮೂರು ಕಾಲಂ: ವಸ್ತು, ಯಾವುದರಿಂದ ಮಾಡಿದ್ದು, ಈಗಿನ ಸ್ಥಿತಿ. ಕಾಲುಚೀಲ, ಉಣ್ಣೆ, ಉತ್ತಮ. ಒಳಚಡ್ಡಿ, ಹತ್ತಿ, ಸಾಧಾರಣ.

"ಒಳಚಡ್ಡಿಗೂ ಸರ್ಟಿಫಿಕೇಟಾ?" ಅಂದ್ಲು ಅಕ್ಕ. ಎದ್ದು, ಒಳಗೆ ಕೈ ಹಾಕಿ ಒಂದು ಕಟ್ಟು ಈಚೆಗೆಳೆದ್ಲು. ಬಿಳೀ ಗ್ಲೌಸು, ತೆಳ್ಳಗೆ, ಹನ್ನೆರಡು ಜೊತೆ. "ಇದೇನೋ ಇದು? ಮ್ಯಾಜಿಕ್ ಮಾಡೋಕೆ ಹೋಗ್ತಿದ್ದೀಯಾ?"

"ಆಫೀಸಿನವು. ಹಳೇ ಬಟ್ಟೆ ಮುಟ್ಟುವಾಗ ಹಾಕ್ಕೋತೀವಿ."

"ಅಲ್ಲಿ ಯಾವ ಹಳೇ ಬಟ್ಟೆ ಮುಟ್ಟೋಕಿದೆ ನಿಂಗೆ? ಹೆಂಡ್ತೀನ ಮುಟ್ಟೋಕೂ ಗ್ಲೌಸು ಬೇಕಾ?"

ಅವನು ಗ್ಲೌಸಿನ ಕಟ್ಟನ್ನ ತಿರುಗಿ ಒಳಗಿಟ್ಟ.

ಹೆಂಡ್ತಿ ಹೊರದೇಶದ ಚಳಿ ಊರಿಗೆ ಹೋಗಿ ಎರಡು ವರ್ಷ ನಾಲ್ಕು ತಿಂಗಳು. ದೊಡ್ಡ ಆಸ್ಪತ್ರೇಲಿ ಎಕ್ಸ್‌ರೇ ತೆಗೆಯೋ ಕೆಲಸ. ಇವನನ್ನ ಎರಡು ಸಲ ಕರೆದ್ಲು. ಮೊದಲ್ನೇ ಸಲ ಆಫೀಸಲ್ಲಿ ಪ್ರದರ್ಶನ ಇತ್ತು. ಎರಡನೇ ಸಲ ಹಲ್ಲುನೋವಿತ್ತು. ಹಲ್ಲು ಕೀಳ್ಸಿದ. ನೋವು ಹೋಯ್ತು, ಪ್ರಯಾಣಾನೂ ಹೋಯ್ತು. ಮೂರನೇ ಸಲ ಅವಳು ಕರೀಲಿಲ್ಲ, ತಿಳಿಸಿದ್ಲು. "ನಾನು ಕಳಿಸಿದ ಕೋಟು ಹಾಕ್ಕೊಂಡು ಶನಿವಾರ ಬಂದಿಳೀರಿ. ಬಾಗಿಲ ಹತ್ರ ನಿಂತಿರ್ತೀನಿ. ಬರಲಿಲ್ಲ ಅಂದ್ರೆ ಅದೇ ನಿಮ್ಮ ಉತ್ತರ ಅಂತ ತಿಳ್ಕೋತೀನಿ. ಆಮೇಲೆ ಮಾತಿಲ್ಲ."

ಮೊದಲೆಲ್ಲ ನೀನು ಅಂತಿದ್ಲು. ಆರು ತಿಂಗಳಿಂದ ನೀವು ಆಗಿದೆ. ಜಗಳ ಆಡಿದ್ರೆ ತಿರುಗಿ ಆಡಬಹುದು. ಮರ್ಯಾದೆ ಕೊಟ್ರೆ ಏನು ಮಾಡೋದು?

ಇವತ್ತು ಶುಕ್ರವಾರ. ವಿಮಾನ ಸಂಜೆ ಐದಕ್ಕೆ.

"ಎಲ್ಲಾ ಸರಿ," ಅಂದ್ಲು ಅಕ್ಕ, ಸೆರಗಲ್ಲಿ ಮುಖ ಒರೆಸ್ಕೊಂಡು. "ಕೋಟೆಲ್ಲಿ?"

"ಆಫೀಸಲ್ಲಿದೆ."

"ಆಫೀಸಲ್ಲಿ ಯಾಕೆ?"

"ಫ್ರೀಜರಲ್ಲಿದೆ."

ಅಕ್ಕ ಅವನ ಮುಖ ನೋಡಿದ್ಲು. ತಮಾಷೆ ಅಲ್ಲ ಅಂತ ಗೊತ್ತಾಗೋಕೆ ಸ್ವಲ್ಪ ಹೊತ್ತು ಹಿಡೀತು. "ಚಳಿಗೆ ಹಾಕೋ ಕೋಟನ್ನ ಐಸಲ್ಲಿಟ್ಟಿದ್ದೀಯಾ? ಲೋ, ಅದೇನು ಬಟಾಣೀನೇನೋ?"

ಅಕ್ಕಂಗೆ ಹೇಗೆ ವಿವರಿಸೋದು. ಅವನಿರೋದು ಮ್ಯೂಸಿಯಮ್ಮಲ್ಲಿ, ಬಟ್ಟೆ ವಿಭಾಗ. ಸತ್ತವರ ಅಂಗಿ, ಶಾಲು, ಪೇಟ ಕೆಡದ ಹಾಗೆ ನೋಡ್ಕೊಳ್ಳೋದು ಕೆಲಸ. ಉಣ್ಣೆಗೆ ನುಸಿ ಬೀಳುತ್ತೆ. ಸಂಶಯ ಬಂದ ಬಟ್ಟೇನ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದ ಹಾಗೆ ಕಟ್ಟಿ ಫ್ರೀಜರಿಗೆ ಹಾಕೋದು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಹುಳ ಸಾಯುತ್ತೆ. ತೆಗೆದು, ಕಾದು, ಮತ್ತೆ ಹಾಕೋದು. ಉಳಿದ ಮೊಟ್ಟೇನೂ ಸಾಯುತ್ತೆ. ಇಪ್ಪತ್ತು ವರ್ಷದಿಂದ ಇದೇ. ಹಿಂದುಗಡೆ ಎಲ್ರೂ ಅವನನ್ನ ನುಸಿ ಸಾರ್ ಅಂತಾರೆ. ಈಗೀಗ ಮುಂದುಗಡೇನೂ ಅಂತಾರೆ.

ಏಳು ತಿಂಗಳ ಹಿಂದೆ ಪಾರ್ಸಲ್ ಬಂದಾಗ ಅವನು ಮೊದಲು ನೋಡಿದ್ದು ಕೋಟನ್ನಲ್ಲ, ಕಾಲರಿನ ಕೆಳಗೆ ಎಡಗಡೆ ಇದ್ದ ಎರಡು ತೂತನ್ನ. ಸೂಜಿಮೊನೆಯಷ್ಟು. ಒಂದ್ಸಲ ತೊಟ್ಟು ಕೂಡ ನೋಡ್ಲಿಲ್ಲ. ಮಾರನೇ ದಿನ ಆಫೀಸಿಗೆ ಒಯ್ದ.

"ದಾರೀಲಿ ಎತ್ಕೊಂಡು ಹೋಗ್ತೀನಿ," ಅಂದ.

"ನಿನ್ನೆ ತಂದಿದ್ರೆ ಏನಾಗ್ತಿತ್ತು?"

"ಮರೆತೆ."

ಅಕ್ಕ ಕತ್ತಿಗೆ ಸುತ್ತೋ ಬಟ್ಟೆ ಎತ್ತಿ ಅವನ ಹೆಗಲಿಗೆ ಹಾಕಿ, ಹಾಗೇ ಎರಡು ಸುತ್ತು ಸುತ್ತಿದ್ಲು. "ಚಿಕ್ಕೋನಿದ್ದಾಗ್ಲೂ ಹೀಗೇ. ಕರೆದ್ರೆ ಬರ್ತಿರಲಿಲ್ಲ, ಚಪ್ಪಲಿ ಹುಡುಕ್ತಾ ಇದೀನಿ ಅಂತಿದ್ದೆ. ಚಪ್ಪಲಿ ಕಾಲಲ್ಲೇ ಇರ್ತಿತ್ತು." ಜಿಪ್ಪನ್ನ ಒಂದೇ ಏಟಿಗೆ ಎಳೆದ್ಲು. ಮುಚ್ಕೊಂಡ್ತು.

ಮಧ್ಯಾಹ್ನ ಎರಡು ಗಂಟೆಗೆ ಟ್ಯಾಕ್ಸಿ ಮ್ಯೂಸಿಯಮ್ಮಿನ ಹಿಂಬಾಗಿಲಲ್ಲಿ ನಿಂತಿತ್ತು. ಉಗ್ರಾಣದ ಮೇಡಂ ಪದಬಂಧ ಬಿಡಿಸ್ತಾ ಕೂತಿದ್ರು. ಬರೋ ವರ್ಷ ರಿಟೈರಾಗೋರು. ಅವರಿಗೆ ಯಾರ ಭಯಾನೂ ಇಲ್ಲ.

"ಏನ್ ನುಸಿ ಸಾರ್, ಇನ್ನೂ ಹಾರಲಿಲ್ವಾ?"

"ಒಂದು ವಸ್ತು ತಗೊಂಡು ಹೋಗ್ಬೇಕಿತ್ತು."

"ನಂಬರು?"

"ತಾತ್ಕಾಲಿಕ ಇನ್ನೂರ ಹದಿನಾಲ್ಕು."

ಮೇಡಂ ಪುಸ್ತಕ ತೆಗೆದ್ರು. ಕನ್ನಡಕ ಮೂಗಿನ ತುದಿಗಿಳಿಸಿ ಓದಿದ್ರು. "ಕೋಟು. ಗಂಡಸರದು. ಕಪ್ಪು ಉಣ್ಣೆ. ಕಾಲರಿನ ಕೆಳಗೆ ತೂತು ಎರಡು. ನುಸಿ ಶಂಕೆ. ಕೊಟ್ಟವರು..." ತಲೆ ಎತ್ತಿದ್ರು. "ಕೊಟ್ಟವರ ಜಾಗ ಖಾಲಿ ಬಿಟ್ಟಿದ್ದೀರಿ."

"ಹ್ಞೂಂ."

"ಸರಿ. ಕಾರಣ ಟಿಕ್ ಮಾಡಿ."

ಫಾರಂ ಮುಂದಿತ್ತು. ನಾಲ್ಕು ಚೌಕ: ಪ್ರದರ್ಶನ, ದುರಸ್ತಿ, ಎರವಲು, ವಿಲೇವಾರಿ. ಅವನು ಮೇಲಿಂದ ಕೆಳಗೆ ಓದ್ದ, ಕೆಳಗಿಂದ ಮೇಲೆ ಓದ್ದ.

"ಹಾಕ್ಕೊಳ್ಳೋಕೆ ಅಂತ ಇಲ್ವಲ್ಲ."

"ಮ್ಯೂಸಿಯಮ್ಮಿನ ಬಟ್ಟೆ ಯಾರು ಹಾಕ್ಕೋತಾರೆ ಸಾರ್? ಈ ಫಾರಂ ಮಾಡಿದೋರು ನೀವೇ. ನಾನಾಗ ಹೇಳ್ದೆ, 'ಇತರೆ' ಅಂತ ಒಂದು ಚೌಕ ಇರ್ಲಿ ಅಂತ. ಇತರೆ ಅನ್ನೋದೇ ಕಳ್ಳರ ದಾರಿ ಅಂದ್ರಿ."

"ಮಂಜೂರು ಯಾರು ಮಾಡ್ಬೇಕು?"

ಮೇಡಂ ನಕ್ಕರು. "ಅದೂ ನೀವೇ."

ಅಂದ್ರೆ ತಡೆಯೋರು ಯಾರೂ ಇಲ್ಲ. ಅವನು ಇನ್ನೊಂದ್ಸಲ ನಾಲ್ಕೂ ಚೌಕ ಓದ್ದ. ಎರವಲು ಅನ್ನೋ ಚೌಕಕ್ಕೆ ಟಿಕ್ ಹಾಕ್ದ.

"ವಾಪಸ್ ತಾರೀಖು?"

ಪೆನ್ನು ನಿಂತಿತು. ತಾರೀಖು ಅವನಿಗೆ ಗೊತ್ತಿತ್ತು. ಒಂಬತ್ತನೇ ದಿನಕ್ಕೆ ವಾಪಸ್ ಟಿಕೆಟ್ ಮಾಡ್ಸಿದ್ದ. ಹೆಂಡ್ತಿಗೆ ಹೇಳಿರಲಿಲ್ಲ, ಅಕ್ಕಂಗೂ ಹೇಳಿರಲಿಲ್ಲ. ಈಗ ಮೊದಲ್ನೇ ಸಲ ಬಾಯಿಬಿಟ್ಟಿದ್ದು ಒಂದು ಫಾರಮ್ಮಿನ ಹತ್ರ. ಬರೆದ. ಸಹಿ ಹಾಕ್ದ. ಮಂಜೂರು ಅನ್ನೋ ಕಡೆಗೂ ಅದೇ ಸಹಿ.

ಮೇಡಂ ಫ್ರೀಜರಿನ ಮುಚ್ಚಳ ಎತ್ತಿದ್ರು. ಹೊಗೆ ಎದ್ದಿತು. ದಪ್ಪ ಪ್ಲಾಸ್ಟಿಕ್ ಚೀಲ, ಮೈತುಂಬ ಬಿಳೀ ಹಿಮ, ಬಾಯಿಗೆ ಕಂದು ಟೇಪು, ದಾರದಲ್ಲಿ ಕಟ್ಟಿದ ನಂಬರು ಚೀಟಿ. ಒಳಗೆ ಕೋಟು ತೋಳು ಮಡಿಸ್ಕೊಂಡು ಮಲಗಿತ್ತು. ಮೇಲೆ ಅವನದೇ ಕೈಬರಹದ ಚೀಟಿ: ಹೊರಗೆ ತೆಗೆದ ಮೇಲೆ ಇಪ್ಪತ್ನಾಲ್ಕು ಗಂಟೆ ಬಿಚ್ಚಬಾರದು.

"ಒಂದು ಮಾತು ಕೇಳ್ಲಾ ಸಾರ್? ಏಳು ತಿಂಗಳಲ್ಲಿ ನಾಲ್ಕು ಸಲ ಒಳಗಿಟ್ರಿ, ಮೂರು ಸಲ ತೆಗೆದ್ರಿ. ಬೇರೆ ಬಟ್ಟೆಗೆ ಎರಡೇ ಸಲ. ಒಂದು ಹುಳ ಬಿದ್ದಿದ್ದೂ ನಾನು ಕಾಣೆ."

"ಮೊಟ್ಟೆ ಕಣ್ಣಿಗೆ ಕಾಣಲ್ಲ."

"ಕಾಣದೇ ಇರೋದಕ್ಕೆ ಇಷ್ಟು ಹೆದರಿಕೇನಾ?"

ಅವನು ಗಡಿಯಾರ ನೋಡ್ದ.

"ನಿನ್ನೇನೇ ತೆಗೆಸಿಟ್ಟಿದ್ರೆ ಇಷ್ಟೊತ್ತಿಗೆ ಹದವಾಗಿರ್ತಿತ್ತು. ಈಗ ಬಿಚ್ಚಿದ್ರೆ ಈ ಸೆಕೆಗೆ ಬೆವರಿ ಒದ್ದೆಯಾಗುತ್ತೆ, ಬೂಷ್ಟು ಹಿಡಿಯುತ್ತೆ. ನಿಮಗೆ ನಾನು ಹೇಳೋದಾ."

"ನಿನ್ನೆ ಮರೆತೆ," ಅಂದ ಅವನು. ಬೆಳಿಗ್ಗೆಯಿಂದ ಎರಡನೇ ಸಲ. ನಿನ್ನೆ ಇದೇ ಫ್ರೀಜರಿನ ಮುಂದೆ ಎರಡು ಸಲ ಬಂದು ನಿಂತಿದ್ದ. ಎರಡು ಸಲಾನೂ ಡಿಗ್ರಿ ಮೀಟರ್ ನೋಡೋಕೆ ಬಂದವನ ಹಾಗೆ ನೋಡಿ ಹೋಗಿದ್ದ.

ಟ್ಯಾಕ್ಸೀಲಿ ಚೀಲ ತೊಡೆ ಮೇಲಿಟ್ಕೊಂಡ. ಡ್ರೈವರು ಡಿಕ್ಕೀಲಿ ಇಡಿ ಅಂದ್ರೂ ಒಪ್ಪಲಿಲ್ಲ. ಐದೇ ನಿಮಿಷಕ್ಕೆ ತೊಡೆ ಮರಗಟ್ಟಿತು. ಮೇಲಿನ ಅರ್ಧ ಮೈ ಬೆವರ್ತಿತ್ತು.

ಡ್ರೈವರು ಕನ್ನಡೀಲಿ ನೋಡ್ದ. "ಏನ್ ಸಾರ್ ಅದು, ಮೀನಾ?"

"ಕೋಟು."

ಡ್ರೈವರು ಏಸಿ ಗುಂಡಿ ಮೇಲೆ ಬೆರಳಿಟ್ಟ. "ಹಂಗಾದ್ರೆ ಏಸಿ ಹಾಕ್ಲಾ, ಬೇಡ್ವಾ?"

ಸಿಗ್ನಲ್ಲಲ್ಲಿ ಗಾಡಿ ನಿಂತಾಗ ಫೋನ್ ಬಂತು. ಹೆಂಡ್ತಿ.

"ಹೊರಟ್ರಾ?"

"ದಾರೀಲಿದೀನಿ."

"ಇಲ್ಲಿ ಮೈನಸ್ ಹನ್ನೆರಡು. ಹಿಮ ಬೀಳ್ತಿದೆ. ಕೋಟು ಸೂಟ್‌ಕೇಸಲ್ಲಿ ಇಟ್ಟಿಲ್ಲ ತಾನೇ? ಇಳಿಯೋಕೆ ಮುಂಚೆ ಹಾಕ್ಕೋಬೇಕು."

"ಕೈಯಲ್ಲೇ ಇದೆ."

"ಸರಿಯಾಗುತ್ತಾ ಮೈಗೆ? ಹಾಕಿ ನೋಡಿದ್ರಾ?"

ಹಿಂದಿನ ಗಾಡಿಯೋನು ಹಾರ್ನ್ ಹೊಡೆದ. ಸಿಗ್ನಲ್ ಇನ್ನೂ ಕೆಂಪೇ ಇತ್ತು.

"ಅದರಲ್ಲಿ ತೂತಿತ್ತು," ಅಂದ ಅವನು. "ಎರಡು. ಕಾಲರಿನ ಕೆಳಗೆ. ನುಸಿ ಅಂತ..."

ಸಿಗ್ನಲ್ ಹಸಿರಾಯ್ತು. ಗಾಡಿ ಹೊರಟಿತು.

"ನುಸಿ ಅಲ್ಲ. ನನ್ನ ಬ್ಯಾಡ್ಜಿನ ಪಿನ್ನು," ಅಂದ್ಲು. "ಆಸ್ಪತ್ರೆ ಬ್ಯಾಡ್ಜು. ಮೊದಲ್ನೇ ಸಲ ಬರ್ತೀನಿ ಅಂದಿದ್ರಲ್ಲ, ಆಗ ನಿಮಗೆ ಅಂತ ತಗೊಂಡಿದ್ದು ಆ ಕೋಟು. ಬರಲಿಲ್ಲ. ಆ ಚಳಿಗಾಲ ಪೂರ್ತಿ ನಾನೇ ಹಾಕ್ಕೊಂಡೆ. ತೋಳು ಉದ್ದ ಆಗ್ತಿತ್ತು. ಮಡಿಸ್ಕೊಂಡು ಹಾಕ್ಕೊಂಡೆ." ಉಸಿರು ಕೇಳಿಸ್ತು. "ಒಗೀದೆ ಕಳಿಸಿದ್ದೆ. ಬೇಕೂಂತ. ನಿಂಗೆ ಗೊತ್ತಾಗಲಿಲ್ವಾ?"

ನಿಂಗೆ. ಅವನಿಗೆ ಅದು ಕೇಳಿಸ್ತು. ತಿರುಗಿ ಏನಾದ್ರೂ ಅನ್ನಬೇಕು. ಬಾಯಿಗೆ ಬಂದಿದ್ದು, "ಟ್ರಾಫಿಕ್ ತುಂಬಾ ಇದೆ."

"ಹಾಕ್ಕೊಂಡು ಬಾ," ಅಂದ್ಲು. ಇಟ್ಟುಬಿಟ್ಲು.

ವಿಮಾನ ನಿಲ್ದಾಣದ ಸಾಲಲ್ಲಿ ಎಲ್ರೂ ತೆಳೂ ಅಂಗಿ. ಇವನೊಬ್ಬ ಎರಡು ಕೈಯಲ್ಲೂ ಚೀಲ ತಬ್ಬಿಕೊಂಡು ನಿಂತಿದ್ದ, ನಿದ್ದೆ ಹೋದ ಮಗೂನ ಎತ್ಕೊಂಡ ಹಾಗೆ. ಹಿಮ ಕರಗ್ತಾ ಬಂದಿತ್ತು. ಮೊಳಕೈಯಿಂದ ನೀರು ಇಳೀತಿತ್ತು.

ಸೂಟ್‌ಕೇಸು ಬೆಲ್ಟಿನ ಮೇಲೆ ಹೋಯ್ತು. ಕೌಂಟರಿನ ಹುಡುಗಿ ಚೀಲ ನೋಡಿದ್ಲು. "ಸಾರ್, ಇದು ಸುರೀತಿದೆ. ಹೀಗೆ ಒಳಗೆ ಬಿಡಲ್ಲ. ಏನಿದೆ ಅದರಲ್ಲಿ?"

"ಕೋಟು."

"ಅಷ್ಟೇನಾ? ಬಿಚ್ಚಿ ಹಾಕ್ಕೊಂಡುಬಿಡಿ. ಮೈಮೇಲಿದ್ರೆ ನಾವು ಕೇಳೋದೇ ಇಲ್ಲ."

"ನಾಳೆ ಮಧ್ಯಾಹ್ನದ ತನಕ ಬಿಚ್ಚೋ ಹಾಗಿಲ್ಲ."

ಹುಡುಗಿ ಚೀಟಿ ಓದಿದ್ಲು. "ಯಾರು ಸಾರ್ ಹೇಳಿದ್ದು?"

ಅವನು ತನ್ನ ಆ ಕೈಬರಹವನ್ನ ಅಂಗೈಲಿ ಮುಚ್ಕೊಂಡ.

"ಇನ್ನಿಪ್ಪತ್ತು ನಿಮಿಷಕ್ಕೆ ಒಳಗೆ ಬಿಡೋದು ನಿಲ್ಲಿಸ್ತಾರೆ. ಹಾಕ್ಕೊಳ್ಳಿ, ಇಲ್ಲ ಅಂದ್ರೆ ಇಲ್ಲೇ ಬಿಟ್ಟು ಹೋಗಿ. ಪಕ್ಕಕ್ಕೆ ಬನ್ನಿ, ಹಿಂದೆ ಜನ ಇದ್ದಾರೆ."

ಪಕ್ಕಕ್ಕೆ ಬಂದ. ಕಂಬದ ಹತ್ರ ನಿಂತ. ಹೆಬ್ಬೆರಳಿನ ಉಗುರನ್ನ ಟೇಪಿನ ಅಂಚಿಗೆ ಹಾಕ್ದ. ಇಪ್ಪತ್ತು ವರ್ಷದ ಕೈ, ಸರಿಯಾಗಿ ಅಂಟಿಸಿತ್ತು. ಒಂದಂಗುಲ ಎದ್ದಿತು. ಒಳಗಿಂದ ಸಣ್ಣಗೆ ತಣ್ಣನೆ ಗಾಳಿ ಬಂತು. ಮೂಗು ಹತ್ರ ತಂದ. ಅವಳ ತಲೆ ಎಣ್ಣೆ, ಸೋಪು, ಬೆವರು, ಏನಾದ್ರೂ ಸಿಗುತ್ತಾ ಅಂತ.

ಬರೀ ಚಳಿ.

ಟೇಪನ್ನ ತಿರುಗಿ ಒತ್ತಿದ. ಒದ್ದೆ ಕೈ, ಅಂಟಲಿಲ್ಲ. ಮತ್ತೆ ಒತ್ತಿದ. ಒತ್ತಿ ಹಾಗೇ ಹಿಡ್ಕೊಂಡ.

ಜನ ಅವನ ಪಕ್ಕದಲ್ಲಿ ಹರೀತಾ ಇದ್ರು. ಚೀಲದ ಮೇಲೆ ಅವನ ಅಂಗೈ ಇದ್ದ ಕಡೆ ಹಿಮ ಕರಗಿ, ಐದು ಬೆರಳಿನ ಆಕಾರಕ್ಕೆ ಕಪ್ಪು ಉಣ್ಣೆ ಕಾಣಿಸ್ತು. ಮೇಲುಗಡೆ ಮೈಕಲ್ಲಿ ಅವನ ವಿಮಾನದ ನಂಬರು ಕೂಗಿದ್ರು. ಸ್ವಲ್ಪ ಹೊತ್ತಿಗೆ ಮತ್ತೆ ಕೂಗಿದ್ರು. ಅವನ ಜೇಬಲ್ಲಿ ಫೋನ್ ನಡುಗ್ತಾ ಇತ್ತು. ತೆಗೀಬೇಕು ಅಂದ್ರೆ ಒಂದು ಕೈ ಬಿಡಬೇಕು.

ನೆಲ ಒರೆಸೋ ಹೆಂಗಸು ಬಕೆಟ್ ಗಾಡಿ ತಳ್ಳಿಕೊಂಡು ಬಂದ್ಲು. ಅವನ ಕಾಲ ಸುತ್ತ ನಿಂತ ನೀರು ನೋಡಿದ್ಲು, ಚೀಲ ನೋಡಿದ್ಲು, ಅವನ ಮುಖ ನೋಡಿದ್ಲು.

"ಹೋಗ್ತೀರಾ ಸಾರ್, ಇರ್ತೀರಾ?" ಅಂದ್ಲು. "ಒರೆಸ್ಬೇಕಿತ್ತು."

ಅವನು ಟೇಪನ್ನ ಇನ್ನೂ ಒತ್ತಿ ಹಿಡಿದ. ಅವಳು ಒಂದು ನಿಮಿಷ ಕಾದ್ಲು. ಆಮೇಲೆ ಗಾಡಿಯಿಂದ ಹಳದಿ ಬೋರ್ಡು ತೆಗೆದು ಅವನ ಮುಂದೆ ಇಟ್ಟು ಹೋದ್ಲು. 'ಎಚ್ಚರಿಕೆ' ಅಂತ ಬರೆದಿತ್ತು.

ಬರೋ ಜನ ಬೋರ್ಡು ಓದಿ, ಒಂದ್ಸಲ ಅವನನ್ನ ಮೇಲಿಂದ ಕೆಳಗೆ ನೋಡಿ, ಮುಟ್ಟದ ಹಾಗೆ ಸುತ್ತಿ ಹೋಗ್ತಿದ್ರು. ಇನ್ನೂರ ಹದಿನಾಲ್ಕನೇ ನಂಬರಿನ ಚೀಟಿ ಅವನ ಮಣಿಕಟ್ಟಿಗೆ ತಾಗಿಕೊಂಡು ತೂಗ್ತಾ ಇತ್ತು.