ಜೇಬಿನಲ್ಲಿದ್ದ ಸಕ್ಕರೆ ಅಚ್ಚು

ಸಂಕ್ರಾಂತಿಯ ಮರುದಿನ ಬ್ರಿಸ್ಬೇನಿನ ಟೂವಾಂಗ್‌ನಿಂದ ಹೊರಟ ಮಿನಿಬಸ್ಸಿನಲ್ಲಿ ಹನ್ನೊಂದು ಜನ ಹಿರಿಯ ಕನ್ನಡಿಗರಿದ್ದರು. ಎಲ್ಲರಿಗೂ ಸಕ್ಕರೆ ಕಾಯಿಲೆಯ ಭಯ, ಏಳು ಜನಕ್ಕೆ ಕಾಯಿಲೆಯೇ. ಹೊರಟಿದ್ದು ಮಾತ್ರ ಸಕ್ಕರೆಯ ತವರಿಗೆ! ಬೆಳಿಗ್ಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಜೌಗಿನಲ್ಲಿ ದೋಣಿ ಸವಾರಿ, ಮಧ್ಯಾಹ್ನ ನೂರೈವತ್ತು ವರ್ಷ ಹಳೆಯ ಕಬ್ಬಿನ ತೋಟದ ಬಂಗಲೆಯಲ್ಲಿ ಊಟ. ಸಿಹಿ ಹಾಕಿದ್ದು ಏನೂ ಬೇಡವೆಂದು ಟೂರಿನವರಿಗೆ ಮೊದಲೇ ಬರೆದವರು ಮೈಥಿಲಿ. ಅವರ ಗಂಡ ಬಾಲಸುಬ್ರಹ್ಮಣ್ಯ ಪಕ್ಕದಲ್ಲಿ ಸಾಧುವಿನಂತೆ ಕುಳಿತಿದ್ದರು.

ಎಲ್ಲಿಯ ಸಾಧು! ಮೊಮ್ಮಗಳ ಎಳ್ಳುಬೆಲ್ಲದ ಡಬ್ಬಿಯಿಂದ ಹಾರಿಸಿದ ನಾಲ್ಕು ಸಕ್ಕರೆ ಅಚ್ಚುಗಳು ಪ್ಯಾಂಟಿನ ಜೇಬಿನಲ್ಲಿದ್ದವು. ಕಾಲಿನ ಹುಣ್ಣು ಕೊಯ್ಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅಳುತ್ತಿದ್ದ ಹೆಂಡತಿಯ ತಲೆ ಮುಟ್ಟಿ "ಇನ್ಮೇಲೆ ಸಿಹಿ ಮುಟ್ಟಲ್ಲ" ಎಂದು ಆಣೆ ಮಾಡಿ ಮೂರು ತಿಂಗಳೂ ಆಗಿರಲಿಲ್ಲ.

ಹನ್ನೊಂದರ ಹೊತ್ತಿಗೆ ಸಮುದ್ರದ ನೀರು ಇಳಿದು ದೋಣಿ ಕೆಸರಿನಲ್ಲಿ ಕೂತುಬಿಟ್ಟಿತು. ಇನ್ನೊಂದು ದೋಣಿ ಬರಲು ಒಂದು ಗಂಟೆಯಾದರೂ ಬೇಕು ಎಂದ ದೋಣಿಯವನು. ಬಿಸಿಲು ನೆತ್ತಿ ಸುಡುತ್ತಿತ್ತು. ಪರ್ತ್‌ನಿಂದ ಬಂದಿದ್ದ ಗೆಳೆಯ ತಿಪ್ಪೇಸ್ವಾಮಿ ಇದ್ದಕ್ಕಿದ್ದಂತೆ ಬೆವರತೊಡಗಿದರು. ಕೈ ನಡುಗಿತು, ಮಾತು ತೊದಲಿತು.

"ಇನ್ಸುಲಿನ್ ತಗೊಂಡು ತಿಂಡಿ ತಿಂದೇ ಇಲ್ಲ ಇವ್ರು! ಬಂಗ್ಲೆ ಊಟಕ್ಕೆ ಹೊಟ್ಟೆ ಖಾಲಿ ಇಟ್ಕೊಂಡಿದ್ರು," ಎಂದು ಅವರ ಹೆಂಡತಿ ನೀಲಮ್ಮ ಕಿರುಚಿದರು. "ಶುಗರ್ ಇಳಿದ್ಹೋಗ್ತಿದೆ! ಯಾರ ಹತ್ರಾದ್ರೂ ಸಿಹಿ ಇದ್ಯಾ?"

ಬ್ಯಾಗುಗಳು ತೆರೆದವು. ಸಕ್ಕರೆಯಿಲ್ಲದ ಬಿಸ್ಕತ್ತು, ಸಕ್ಕರೆಯಿಲ್ಲದ ಕಾಫಿ, ಕಡಲೆಕಾಯಿ. ಐಸ್ ಪೆಟ್ಟಿಗೆಯಲ್ಲಿ ಬರೀ ನೀರು, ಡಯಟ್ ಕೋಲಾ. ಔಷಧದ ಡಬ್ಬಿಯಲ್ಲಿ ಬ್ಯಾಂಡೇಜು ಬಿಟ್ಟರೆ ಏನಿಲ್ಲ.

ಬಾಲಸುಬ್ರಹ್ಮಣ್ಯರ ಕೈ ಜೇಬಿಗೆ ಹೋಗಿ ಅಲ್ಲೇ ನಿಂತಿತು. ಹನ್ನೊಂದು ಜನರಲ್ಲಿ ಇನ್ನೊಬ್ಬ ಕಳ್ಳ ಇರುವುದಿಲ್ಲವೇ? ಯಾರಾದರೂ ಕೊಟ್ಟೇ ಕೊಡುತ್ತಾರೆ. ಇನ್ನೊಂದು ನಿಮಿಷ ನೋಡೋಣ. ಎದುರಿಗೆ ಮೈಥಿಲಿ ತಿಪ್ಪೇಸ್ವಾಮಿಯವರಿಗೆ ಗಾಳಿ ಬೀಸುತ್ತಿದ್ದರು. ಆ ಮುಖದೆದುರು ಅಚ್ಚು ತೆಗೆಯುವುದು ಹೇಗೆ? ಇನ್ನೊಂದು ನಿಮಿಷ.

ತಿಪ್ಪೇಸ್ವಾಮಿಯವರ ತಲೆ ಹೆಂಡತಿಯ ಭುಜಕ್ಕೆ ವಾಲಿತು. ಕಣ್ಣು ಮೇಲಕ್ಕೆ ಹೊರಳಿತು.

"ತಗೊಳ್ಳಿ!" ಬಾಲಸುಬ್ರಹ್ಮಣ್ಯ ಅಚ್ಚುಗಳನ್ನು ಹೊರತೆಗೆದರು. ಪುಡಿ ಮಾಡಿ, ನೀರಲ್ಲಿ ಕಲಸಿ, ಚಮಚ ಚಮಚವಾಗಿ ತಿಪ್ಪೇಸ್ವಾಮಿಯವರಿಗೆ ಕುಡಿಸಿದರು. ಜೀವ ಕೈಯಲ್ಲಿ ಹಿಡಿದುಕೊಂಡು ಎಲ್ಲರೂ ನೋಡಿದರು. ಕಾಲು ಗಂಟೆಯ ಮೇಲೆ ತಿಪ್ಪೇಸ್ವಾಮಿ ಕಣ್ಣು ಬಿಟ್ಟು, "ನೀಲಾ, ದೋಣಿ ಯಾಕ್ ನಿಂತಿದೆ?" ಎಂದರು. ನೀಲಮ್ಮ ಬಿಕ್ಕಿ ಬಿಕ್ಕಿ ಅತ್ತರು.

ಇನ್ನೊಂದು ದೋಣಿ ಬಂದು ದಡ ಮುಟ್ಟಿಸಿದಾಗ, ಅಲ್ಲಿ ಕಾದಿದ್ದ ಆಂಬುಲೆನ್ಸಿನವರು ಪರೀಕ್ಷೆಗೆಂದು ತಿಪ್ಪೇಸ್ವಾಮಿ ದಂಪತಿಯನ್ನು ಕರೆದೊಯ್ದರು. ಉಳಿದವರು ಬಂಗಲೆಗೆ ಬಂದಾಗ ಬಾಲಸುಬ್ರಹ್ಮಣ್ಯರೇ ದೇವರು. ಎಲ್ಲರೂ ಬೆನ್ನು ತಟ್ಟಿದರು. ಮೈಥಿಲಿ ಮಾತ್ರ ಜಗಲಿಯ ತುದಿಯಲ್ಲಿ ಕುಳಿತಿದ್ದರು. ಬಾಲಸುಬ್ರಹ್ಮಣ್ಯ ಮೆಲ್ಲಗೆ ಹೋಗಿ ಪಕ್ಕದಲ್ಲಿ ಕೂತರು.

"ಆಣೆ ಮುರಿದೆ, ತಪ್ಪಾಯ್ತು ಕಣೇ."

"ಅದ್ ಬಿಡಿ. ತಿನ್ನೋ ಚಪಲ, ಅರ್ಥ ಆಗತ್ತೆ." ಮೈಥಿಲಿಯವರ ದನಿಯಲ್ಲಿ ಸಿಟ್ಟಿರಲಿಲ್ಲ. "ನೀಲಮ್ಮ ಕೇಳಿದ ತಕ್ಷಣ ನಿಮ್ ಕೈ ಜೇಬಿಗೆ ಹೋಯ್ತು, ನೋಡ್ದೆ. ಯಾಕೆ ಅಂತ ಆಗ ಹೊಳೀಲಿಲ್ಲ. ಆ ಮನುಷ್ಯ ಸಾಯ್ತಿದ್ರೂ ಕೈ ಅಲ್ಲೇ ಇತ್ತಲ್ರೀ?"

"ಬೇರೆ ಯಾರಾದ್ರೂ ಕೊಡ್ತಾರೆ ಅನ್ಕೊಂಡೆ."

"ಅವ್ರ ಜಾಗದಲ್ಲಿ ನಾನಿದ್ದಿದ್ರೆ?"

ನಿನಗಾದರೆ ತಕ್ಷಣ ಕೊಡುತ್ತಿದ್ದೆ ಎಂದುಬಿಡಬಹುದಿತ್ತು. ಆದರೆ ಅದು ನಿಜವೆಂದು ಬಾಲಸುಬ್ರಹ್ಮಣ್ಯರಿಗೇ ನಂಬಿಕೆಯಿರಲಿಲ್ಲ. ಮೈಥಿಲಿ ಎದ್ದು ಊಟಕ್ಕೆ ಹೋದರು.